ಆರು ಟಿಕೆಟ್, ಒಂದು ಬಲಗಿವಿ

"ಫೋನಿನಲ್ಲಿ ಬರೋದು ಟಿಕೆಟ್ಟೇ ಅಲ್ಲ ಕಣಮ್ಮ," ಅಂದರು ಅಪ್ಪ. "ಕೈಯಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ."

ಹಾಗಾಗಿ ಒಂದು ಬುಧವಾರ ಕೆಲಸ ಮುಗಿಸಿಕೊಂಡು ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದೆ. ಜೆ.ಪಿ. ನಗರದಲ್ಲಿ ಇಳಿದು ಆಟೋ ಹಿಡಿದೆ. ರಂಗಶಂಕರ ರಂಗಮಂದಿರದ ಮುಂದೆ ಇಳಿಯುವಾಗ ಅವತ್ತಿನ ನಾಟಕಕ್ಕೆ ಜನ ಸೇರುತ್ತಿದ್ದರು. ಕೌಂಟರಿನಲ್ಲಿದ್ದ ಹುಡುಗಿಗೆ, "ಮುಂದಿನ ಶನಿವಾರದ ಸದಾರಮೆ ನಾಟಕಕ್ಕೆ ಆರು ಟಿಕೆಟ್ ಕೊಡಿ" ಅಂದೆ. ಒಂದಕ್ಕೆ ಇನ್ನೂರು ರೂಪಾಯಿ. ಆರು ಚೀಟಿಗಳನ್ನು ಎಣಿಸಿ, ಮಡಿಸದೆ, ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡೆ. ಮನೆ ಸೇರುವ ಹೊತ್ತಿಗೆ ರಾತ್ರಿ ಒಂಬತ್ತು ಗಂಟೆ. ಮೂರು ಗಂಟೆಯ ಓಡಾಟ. ಫೋನಿನಲ್ಲಾಗಿದ್ದರೆ ಎರಡು ನಿಮಿಷ ಸಾಕಿತ್ತು.

ಆದರೆ ಆ ಮೂರು ಗಂಟೆ ನನಗೆ ಸ್ವಲ್ಪವೂ ಬೇಜಾರು ತರಲಿಲ್ಲ. ಅದಕ್ಕೆ ಕಾರಣವಿದೆ.

ಎರಡು ವರ್ಷದ ಹಿಂದೆ ಇನ್ನೊಂದು ತಂಡ ಇದೇ ನಾಟಕ ಆಡುತ್ತಿತ್ತು. ಅಪ್ಪನಿಗೆ ಹೇಳಿದ್ದೆ. ಅವರು ತುಮಕೂರಿನಿಂದ ಬರಲು ತಯಾರಾಗಿದ್ದರು. ನಾನು ಮಾತ್ರ ಇವತ್ತು ತಗೊಳ್ಳೋಣ, ನಾಳೆ ತಗೊಳ್ಳೋಣ ಅಂತ ದಿನ ತಳ್ಳಿದೆ. ಯಾರ್ಯಾರು ಬರುತ್ತಾರೆ ಅಂತ ಖಾತ್ರಿಯಾಗಲಿ, ಅಣ್ಣನಿಗೆ ರಜೆ ಸಿಗುತ್ತಾ ನೋಡೋಣ, ಮಗಳ ಪರೀಕ್ಷೆ ದಿನಾಂಕ ಗೊತ್ತಾಗಲಿ. ಹೀಗೇ. ಶುಕ್ರವಾರ ನೋಡಿದರೆ ಎಲ್ಲ ಮುಗಿದಿತ್ತು. ಅಪ್ಪ, "ಹೋಗ್ಲಿ ಬಿಡು, ಮುಂದೆ ಬರುತ್ತೆ" ಅಂದರು. ಮುಂದೆ ಬಂತು ನಿಜ. ಆದರೆ ಅಷ್ಟರಲ್ಲಿ ಅಪ್ಪನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಅರ್ಧ ಉಳಿದಿದೆ.

ನಗೆ ನಾಟಕಕ್ಕೆ ಕಿವಿ ಬೇಕು. ಯುದ್ಧದ ದೃಶ್ಯವನ್ನು ಕಣ್ಣಲ್ಲೇ ನೋಡಿ ಅರ್ಥ ಮಾಡಿಕೊಳ್ಳಬಹುದು. ಅಳುವ ದೃಶ್ಯ ಮುಖದಲ್ಲೇ ಕಾಣುತ್ತದೆ. ನಗೆಯ ಮಾತು ಹಾಗಲ್ಲ. ಒಂದು ಅಕ್ಷರ ತಪ್ಪಿದರೂ ಕೈ ಜಾರಿ ಹೋಗುತ್ತದೆ. ಪಕ್ಕದವರು ನಗುತ್ತಾರೆ, ನಾವು ಅವರ ಮುಖ ನೋಡುತ್ತೇವೆ. ಅಪ್ಪ ಕಳೆದ ಒಂದು ವರ್ಷದಿಂದ ಮದುವೆ ಮನೆಗಳಲ್ಲಿ ಹೀಗೆ ಬೇರೆಯವರ ಮುಖ ನೋಡಿ ನಗುವುದನ್ನು ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ಆ ಶುಕ್ರವಾರ ನೆನಪಾಗುತ್ತದೆ.

ರಂಗಶಂಕರದಲ್ಲಿ ಸೀಟಿಗೆ ನಂಬರ್ ಇರುವುದಿಲ್ಲ. ಮೊದಲು ಬಂದವರು ಬೇಕಾದಲ್ಲಿ ಕೂರಬಹುದು. ನನಗೆ ಬೇಕಾಗಿದ್ದೂ ಅದೇ. ವೇದಿಕೆಗೆ ಎದುರಾಗಿ ನಿಂತರೆ ಎಡಗಡೆ ಬರುವ ಮುಂದಿನ ಸಾಲು. ಅಲ್ಲಿ ಕೂತರೆ ಅಪ್ಪನ ಬಲಗಿವಿ ನಟರ ಕಡೆಗೆ ಇರುತ್ತದೆ. ಈ ಲೆಕ್ಕ ನಾನು ಟಿಕೆಟ್ ಕೊಳ್ಳುವ ಮೊದಲೇ ಹಾಕಿದ್ದೆ. ಬುಧವಾರ ಕೌಂಟರಿನ ಹುಡುಗಿಯನ್ನು ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತೀರಿ, ಮೆಟ್ಟಿಲು ಎಷ್ಟಿದೆ, ವಯಸ್ಸಾದವರನ್ನು ಮೊದಲು ಬಿಡುತ್ತೀರಾ ಅಂತ ಕೇಳಿದೆ. ಅವಳು ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟಳು. "ಅವರನ್ನ ಸ್ವಲ್ಪ ಬೇಗ ಕರ್ಕೊಂಡ್ ಬನ್ನಿ ಮೇಡಂ, ನಾನು ಹೇಳಿರ್ತೀನಿ" ಅಂದಳು. ಫೋನಿನಲ್ಲಿ ಕೊಂಡಿದ್ದರೆ ಈ ಮಾತು ಸಿಗುತ್ತಿರಲಿಲ್ಲ.

ಸದಾರಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ಗುಬ್ಬಿ ಕಂಪನಿಯ ನಾಟಕ. ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆಯೂ ತುಮಕೂರಿನ ಪಕ್ಕ, ಗುಬ್ಬಿಯೂ ಪಕ್ಕ. ಹಾಗಾಗಿ ನಮ್ಮ ಕಡೆಯವರಿಗೆ ಇದು ಮನೆಯ ನಾಟಕ. ವರ್ತಕನ ಮಗಳು ಸದಾರಮೆ. ಅವಳನ್ನು ಮೆಚ್ಚಿ ಬಂದ ರಾಜಕುಮಾರ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಕೇಳುವ ದುರಾಸೆಯ ಅಪ್ಪ. ರಾಜಕುಮಾರ ರಾಜ್ಯ ಬಿಟ್ಟುಕೊಟ್ಟು ಹೆಂಡತಿಯ ಜೊತೆ ಕಾಡಿಗೆ ಹೊರಡುತ್ತಾನೆ. ಆಮೇಲೆ ಒಂದರ ಮೇಲೊಂದು ಕಷ್ಟ. ಸದಾರಮೆ ಒಬ್ಬಳೇ ಆಗುತ್ತಾಳೆ. ಕಾಡಿನಲ್ಲಿ ಒಬ್ಬ ಕಳ್ಳನ ಕೈಗೆ ಸಿಗುತ್ತಾಳೆ. ಅವನಿಗೆ ಅವಳನ್ನು ಮದುವೆಯಾಗುವ ಆಸೆ. ಅವಳು ತನ್ನ ಜಾಣತನದಿಂದ ಅವನಿಂದ ತಪ್ಪಿಸಿಕೊಳ್ಳುತ್ತಾಳೆ, ಗಂಡು ವೇಷ ಹಾಕುತ್ತಾಳೆ, ಕೊನೆಗೆ ಗಂಡನನ್ನು ಸೇರುತ್ತಾಳೆ.

ಕತೆ ಇಷ್ಟೇ. ಆದರೆ ಜನ ಬರುತ್ತಿದ್ದದ್ದು ಆ ಕಳ್ಳನಿಗಾಗಿ. ಕಂಪನಿ ನಡೆಸುತ್ತಿದ್ದ ಗುಬ್ಬಿ ವೀರಣ್ಣನವರೇ ಆ ಪಾತ್ರ ಮಾಡುತ್ತಿದ್ದರು. ಭಯ ಹುಟ್ಟಿಸಬೇಕಾದ ಕಳ್ಳ ಬಂದ ಕೂಡಲೇ ಡೇರೆಯೆಲ್ಲ ನಗು. ಒಬ್ಬ ಹೆಣ್ಣುಮಗಳು ಕಾಡಿನಲ್ಲಿ ಕಳ್ಳನ ಕೈಗೆ ಸಿಕ್ಕಿದ್ದಾಳೆ ಅನ್ನುವುದು ನಿಜಕ್ಕೂ ಹೆದರಿಕೆಯ ಸಂಗತಿ. ಅದನ್ನು ನಗುವಾಗಿ ತಿರುಗಿಸುವುದು, ಅದೂ ಅವಳ ಮರ್ಯಾದೆಗೆ ಕುಂದು ಬರದ ಹಾಗೆ, ಅವಳೇ ಗೆಲ್ಲುವ ಹಾಗೆ. ಇದು ಸಣ್ಣ ಕೆಲಸ ಅಲ್ಲ. ನನಗೆ ಈ ನಾಟಕದ ಮೇಲೆ ಗೌರವ ಇರುವುದು ಇದಕ್ಕೇ. 1935ರಲ್ಲಿ ಇದು ಸಿನಿಮಾ ಕೂಡ ಆಯಿತು, ವೀರಣ್ಣನವರೇ ಅದರಲ್ಲಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಮೊಮ್ಮಗಳು ಬಿ. ಜಯಶ್ರೀ ಸದಾರಮೆಯನ್ನು ಆಡಿಸಿದರು. ಅಜ್ಜ ಮಾಡಿದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಹೆಂಗಸೊಬ್ಬರು ಆ ಕಳ್ಳನಾಗಿ ಬಂದು ಸಭೆಯನ್ನು ನಗಿಸಿದಾಗ ಅದು ಬರೀ ಹಳೆಯ ನಾಟಕವಾಗಿ ಉಳಿಯಲಿಲ್ಲ.

ನಮ್ಮ ತಾತ ವೀರಣ್ಣನವರ ಕಳ್ಳನನ್ನು ನೋಡಿದ್ದರು. ಅಪ್ಪ ನೋಡಿಲ್ಲ. ಅಪ್ಪ ಹತ್ತು ವರ್ಷದ ಹುಡುಗನಾಗಿದ್ದಾಗ ಬೇರೊಂದು ಸಣ್ಣ ಕಂಪನಿ ಊರ ಪಕ್ಕದ ಮೈದಾನದಲ್ಲಿ ಡೇರೆ ಹಾಕಿತ್ತಂತೆ. ಅಲ್ಲಿ ನೋಡಿದ್ದು. ಮಧ್ಯಾಹ್ನ ಜಟಕಾ ಗಾಡಿಯಲ್ಲಿ ತಮಟೆ ಹೊಡೆಯುತ್ತಾ ಹ್ಯಾಂಡ್‌ಬಿಲ್ ಹಂಚುತ್ತಿದ್ದರು. ಬಣ್ಣದ ತೆಳು ಕಾಗದ. ಹುಡುಗರೆಲ್ಲ ಗಾಡಿಯ ಹಿಂದೆ ಓಡುವುದು. ಒಂದು ಹ್ಯಾಂಡ್‌ಬಿಲ್ ಸಿಕ್ಕರೆ ಅದನ್ನು ಲೆಕ್ಕದ ಪುಸ್ತಕಕ್ಕೆ ಹೊದಿಸಿಕೊಳ್ಳುವುದು.

ಟಿಕೆಟ್ಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ತರಗತಿ. ಕುರ್ಚಿ ಶಾನುಭೋಗರಿಗೆ, ಡಾಕ್ಟರಿಗೆ. ಬೆಂಚು ಅಂಗಡಿಯವರಿಗೆ, ಮೇಷ್ಟ್ರುಗಳಿಗೆ. ನಮ್ಮ ಮನೆಯವರಿಗೆ ನೆಲ. ತಾತ ನಾಲ್ಕಾಣೆಯ ಟಿಕೆಟ್ ಕೊಂಡದ್ದು ಅಪ್ಪನಿಗೆ ಈಗಲೂ ನೆನಪಿದೆ. ತಗಡಿನ ಗೂಡಿನಲ್ಲಿ ಒಂದು ಕೈ ಹೋಗುವಷ್ಟು ತೂತು. ಅದರೊಳಗೆ ದುಡ್ಡು ಹಿಡಿದ ಕೈ ಹಾಕಿದರೆ ಒಳಗಿನವರು ದುಡ್ಡು ತೆಗೆದುಕೊಂಡು ಅದೇ ಅಂಗೈಯಲ್ಲಿ ಚೀಟಿ ಇಡುತ್ತಿದ್ದರಂತೆ. ಒಳಗಿದ್ದವರ ಮುಖ ಕಾಣುತ್ತಿರಲಿಲ್ಲ. ಗೇಟ್‌ಕೀಪರ್ ಆ ಚೀಟಿಯನ್ನು ಅರ್ಧಕ್ಕೆ ಹರಿದು ಅರ್ಧ ವಾಪಸ್ ಕೊಡುತ್ತಿದ್ದ. ಆ ಅರ್ಧ ಚೀಟಿಯನ್ನು ಅಪ್ಪ ಬೆಳಗಿನ ತನಕ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಬೆವರಿಗೆ ಒದ್ದೆಯಾಗಿ ಬಣ್ಣ ಕೈಗೆ ಹತ್ತಿತ್ತಂತೆ. ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು ಅಂತ ಅವರು ಯಾಕೆ ಅಂದರು ಅನ್ನುವುದು ನನಗೆ ಈ ಕತೆ ಕೇಳಿದ ಮೇಲೆ ತಿಳಿಯಿತು.

ಇನ್ನೊಂದು ಸಂಗತಿ. ಡೇರೆಯಲ್ಲಿ ಹೆಂಗಸರಿಗೆ ಬೇರೆ ಜಾಗ. ನಡುವೆ ಒಂದು ಹಗ್ಗ, ಇಲ್ಲಾ ಒಂದು ತಟ್ಟಿ. ಅಜ್ಜಿ ಆ ಕಡೆ, ತಾತ ಈ ಕಡೆ. ಇಬ್ಬರೂ ಒಂದೇ ನಾಟಕ ನೋಡುತ್ತಿದ್ದರು, ಆದರೆ ಅಜ್ಜಿ ಯಾವ ಮಾತಿಗೆ ನಕ್ಕಳು ಅಂತ ತಾತನಿಗೆ ಗೊತ್ತಾಗುತ್ತಿದ್ದದ್ದು ಬೆಳಗಿನ ಜಾವ ಎತ್ತಿನ ಗಾಡಿಯಲ್ಲಿ ವಾಪಸ್ ಬರುವಾಗ. ಗಾಡಿಯಲ್ಲಿ ಮತ್ತೆ ಒಂದು ಸಲ ನಾಟಕವೆಲ್ಲ ಆಗುತ್ತಿತ್ತು. ತಾತ ಕಳ್ಳನ ಮಾತು ಹೇಳುತ್ತಿದ್ದರು, ಅಜ್ಜಿ ಸದಾರಮೆಯ ಮಾತು. ನಡುವೆ ಮಲಗಿದ್ದ ಅಪ್ಪ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ಸದಾರಮೆ ಬಾಯಿಪಾಠ ಆದದ್ದು ಡೇರೆಯಲ್ಲಿ ಅಲ್ಲ, ಆ ಗಾಡಿಯಲ್ಲಿ. ಆಮೇಲೆ ಎಷ್ಟೋ ವರ್ಷ ಹಬ್ಬದ ರಾತ್ರಿಗಳಲ್ಲಿ ತಾತ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಕೈಲಾಸಂ ನಾಟಕಗಳನ್ನು ಅಪ್ಪ ರೇಡಿಯೋದಲ್ಲಿ ಕೇಳಿ ಇಷ್ಟಪಟ್ಟವರು. ಆದರೆ ಅದು ನಡುಮನೆಯ ನಗು, ಸದಾರಮೆ ಬಯಲಿನ ನಗು ಅಂತ ಅವರ ಲೆಕ್ಕ. ನನಗೂ ಅದು ಸರಿ ಅನಿಸುತ್ತದೆ.

ಆರು ಟಿಕೆಟ್ ತಗೊಂಡೆ ಅಂತ ಗೊತ್ತಾದಾಗ ದೊಡ್ಡಪ್ಪನ ಮಗ ಫೋನ್ ಮಾಡಿದ. "ಅಯ್ಯೋ, ಯಾಕೆ ತಗೊಂಡೆ? ಹೇಳಿದ್ರೆ ಪಾಸ್ ಕೊಡಿಸ್ತಿದ್ದೆ. ಆ ತಂಡದವರು ನಂಗೆ ಗೊತ್ತು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಅವನಿಗೆ ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ತಂಡದವರು ಗೊತ್ತಿದ್ದರೆ ಮೊದಲು ಟಿಕೆಟ್ ಕೊಳ್ಳಬೇಕಾದವರು ನಾವೇ. ಮುನ್ನೂರು ಚಿಲ್ಲರೆ ಸೀಟಿನ ರಂಗಮಂದಿರ ಅಂದುಕೊಳ್ಳಿ. ಎಲ್ಲವೂ ಇನ್ನೂರರಂತೆ ಹೋದರೂ ಅರವತ್ತು ಸಾವಿರ ಚಿಲ್ಲರೆ. ಅದರಲ್ಲಿ ಬಾಡಿಗೆ, ದೀಪ, ಮೇಕಪ್ಪು, ಬಟ್ಟೆ, ಹಾರ್ಮೋನಿಯಂ ತಬಲಾದವರಿಗೆ ಸಂಭಾವನೆ, ಸೆಟ್ ತರುವ ಟೆಂಪೋ, ಎರಡು ತಿಂಗಳ ತಾಲೀಮಿನ ಕಾಫಿ ತಿಂಡಿ. ಕಂಪನಿ ನಾಟಕ ಅಂದರೆ ಹಾಡಿರುತ್ತದೆ, ಹಾಡಿದ್ದರೆ ಮೇಳ ಬೇಕು. ನಟರಿಗೆ ಏನು ಉಳಿಯುತ್ತದೆ? ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು, ಸಂಜೆ ಟ್ರಾಫಿಕ್ಕಿನಲ್ಲಿ ತಾಲೀಮಿಗೆ ಬರುವವರು ಅವರು. ಅವರ ಹತ್ತಿರ ಆರು ಪಾಸ್ ಕೇಳಿದರೆ ಅವರ ಜೇಬಿನಿಂದ ಸಾವಿರದ ಇನ್ನೂರು ರೂಪಾಯಿ ತೆಗೆದ ಹಾಗೆ.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಸಂಬಳ, ಊಟ, ಪರದೆ, ರೈಲು ಖರ್ಚು, ಎಲ್ಲ ಆ ತಗಡಿನ ಗೂಡಿನ ತೂತಿನಿಂದಲೇ ಬರಬೇಕಿತ್ತು. 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ವೀರಣ್ಣನವರು ವೇದಿಕೆಯ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಆ ಆನೆಗೆ ಮೇವು ಹಾಕಿದ್ದು ಟಿಕೆಟ್ಟಿನ ಕಾಸು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಇವರೆಲ್ಲ ಆ ಕಂಪನಿಯ ಅನ್ನ ಉಂಡು ಬೆಳೆದವರು. ಕಂಪನಿಯಲ್ಲಿದ್ದ ಬಿ.ವಿ. ಕಾರಂತ ಅನ್ನುವ ಹುಡುಗನನ್ನು ವೀರಣ್ಣನವರು ಓದಲು ಬನಾರಸಿಗೆ ಕಳಿಸಿದರು. ಅದೇ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದರು. ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತು ಕಳ್ಳನ ಮಾತಿಗೆ ನಕ್ಕವರ ಕಾಸು ಎಲ್ಲೆಲ್ಲಿ ಹೋಗಿ ಏನೇನಾಯಿತು ನೋಡಿ. ವೀರಣ್ಣನವರ ಕಳ್ಳನನ್ನು ನೋಡಲು ತಾತ ಕೊಟ್ಟ ಕಾಸಿನಲ್ಲಿ ಒಂದಿಷ್ಟು ಕಾಶಿಯ ದಾರಿ ಹಿಡಿದಿರಬಹುದು. ಹಾಗೆ ಅಂದುಕೊಳ್ಳಲು ನನಗೆ ತುಂಬ ಇಷ್ಟ.

ದುಡ್ಡಿನ ಮಾತು ಒಂದು ಕಡೆ. ಪಾಸಿನ ಬಗ್ಗೆ ನನಗೆ ಇನ್ನೂ ಜಾಸ್ತಿ ಬೇಸರ ಇರುವುದು ಬೇರೆ ಕಾರಣಕ್ಕೆ.

ಕೆಲವು ವರ್ಷದ ಹಿಂದೆ ಒಂದು ದೊಡ್ಡ ಸಭಾಂಗಣದಲ್ಲಿ ನಗೆ ನಾಟಕಕ್ಕೆ ಹೋಗಿದ್ದೆ. ಉಚಿತ ಪ್ರವೇಶ. ಎಂಟುನೂರು ಜನ ಕೂರುವ ಜಾಗದಲ್ಲಿ ಐವತ್ತು ಜನ. ಅಲ್ಲೊಬ್ಬರು ಇಲ್ಲೊಬ್ಬರು. ಕೆಲವರು ಫ್ಯಾನಿನ ಕೆಳಗೆ, ಕೆಲವರು ಬಾಗಿಲ ಪಕ್ಕ. ನಾಟಕ ಚೆನ್ನಾಗಿತ್ತು. ಮುಖ್ಯ ನಟನಂತೂ ಬಹಳ ಚೆನ್ನಾಗಿ ಮಾಡುತ್ತಿದ್ದ. ನಗೆ ನಟರು ಒಂದು ಮಾತು ಹೇಳಿ ಸ್ವಲ್ಪ ನಿಲ್ಲುತ್ತಾರೆ. ಜನರ ನಗುವಿಗೆ ಬಿಡುವ ಜಾಗ ಅದು. ನಗು ಏರಿ, ಇಳಿಯಲು ಶುರುವಾದಾಗ ಮುಂದಿನ ಮಾತು ಎತ್ತಬೇಕು. ಅವತ್ತು ಅವನು ಮಾತು ಹೇಳಿದ, ನಿಂತ. ನಗು ಬರಲಿಲ್ಲ. ಬಂದರೂ ಮೂಲೆಯಲ್ಲಿ ಒಂದು, ದೂರದಲ್ಲಿ ಒಂದು, ಅಲ್ಲೇ ಆರಿಹೋಯಿತು. ಎರಡನೇ ಸಲ ಅವನು ಕಡಿಮೆ ನಿಂತ. ಮೂರನೇ ಸಲ ನಿಲ್ಲಲೇ ಇಲ್ಲ. ಆಮೇಲೆ ನಾಟಕ ಓಡತೊಡಗಿತು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು. ಅವನ ಹಣೆಯ ಬೆವರು ನನಗೆ ಕಾಣುತ್ತಿತ್ತು. ನಡುವೆ ಜನ ಎದ್ದು ಹೋಗುತ್ತಿದ್ದರು, ಮಳೆ ಬಂತು ಅಂತ ಕೆಲವರು ಒಳಗೆ ಬಂದರು. ಯಾರ ತಪ್ಪೂ ಅಲ್ಲ. ಕೈಯಿಂದ ಏನೂ ಕೊಡದೆ ಬಂದವರಿಗೆ ಎದ್ದು ಹೋಗುವುದು ಸುಲಭ.

ಅವತ್ತಿನಿಂದ ನಗೆ ನಾಟಕಕ್ಕೆ ಒಬ್ಬಳೇ ಹೋಗುವುದನ್ನು ಬಿಟ್ಟೆ. ಜನ ಕೂಡಿಸಿಕೊಂಡೇ ಹೋಗುತ್ತೇನೆ. ದುಃಖದ ನಾಟಕವನ್ನು ಒಬ್ಬರೇ ಮೂಲೆಯಲ್ಲಿ ಕೂತು ನೋಡಬಹುದು. ನಗು ಪಕ್ಕದವರಿಂದ ಪಕ್ಕದವರಿಗೆ ಹತ್ತಬೇಕು. ಒತ್ತಾಗಿ ಕೂತರೆ ಬೇಗ ಹತ್ತುತ್ತದೆ. ಹಳೆಯ ಡೇರೆಯ ನೆಲದ ಸಾಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತವರೇ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ. ಕುರ್ಚಿಯವರು ಅವರ ನಗು ಕೇಳಿ ಹಿಂದೆ ತಿರುಗಿ ನೋಡುತ್ತಿದ್ದರಂತೆ.

ಈಗಲೂ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಹಲವು ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ರಾತ್ರಿ ಪೂರ್ತಿ ಒಂದಾದ ಮೇಲೊಂದು ಆಟ. ಮೈಕಿನಲ್ಲಿ ಒಂದು ಕಂಪನಿಯವರು ಕರೆಯುವಾಗಲೇ ಪಕ್ಕದ ಕಂಪನಿಯವರ ಹಾಡು. ನಾವು ಒಮ್ಮೆ ಹೋಗಿದ್ದೆವು. ಹೊಲದ ಕೆಲಸ ಮುಗಿಸಿ ಟ್ರ್ಯಾಕ್ಟರಿನಲ್ಲಿ ಬಂದ ಒಂದು ದೊಡ್ಡ ಕುಟುಂಬ ನಮ್ಮ ಮುಂದೆ ಸರದಿಯಲ್ಲಿ ನಿಂತಿತ್ತು. ಹಿರಿಯರೊಬ್ಬರು ಎಲ್ಲರನ್ನೂ ತಲೆ ಮುಟ್ಟಿ ಎಣಿಸಿ, ಹದಿನಾಲ್ಕು ಟಿಕೆಟ್ ತೆಗೆದುಕೊಂಡರು. ಯಾರೂ ಪಾಸ್ ಕೇಳಲಿಲ್ಲ. ಒಳಗೆ ಹೋದ ಮೇಲೆ ಆ ಹದಿನಾಲ್ಕು ಜನ ನಕ್ಕ ನಗುವಿನಲ್ಲಿ ನಾವೂ ಸೇರಿಹೋದೆವು. ನಾಟಕದ ಕೆಲವು ಮಾತು ನನಗೆ ಅಷ್ಟು ಹಿಡಿಸಲಿಲ್ಲ, ಅದು ಬೇರೆ. ಆ ಸಾಲು ಮಾತ್ರ ಮರೆತಿಲ್ಲ.

ಶನಿವಾರ ಬಂತು. ಅಪ್ಪ ಬೆಳಗಿನ ರೈಲಿಗೆ ಯಶವಂತಪುರಕ್ಕೆ ಬಂದರು. ಮನೆಗೆ ಬಂದ ಕೂಡಲೇ, "ಎಲ್ಲಿ, ಟಿಕೆಟ್ ತೋರಿಸು" ಅಂದರು. ಆರನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು. ಆರರಲ್ಲೂ ಒಂದೇ ಬರೆದಿದೆ ಅಂತ ಗೊತ್ತಿದ್ದೂ ಓದಿದರು. ಆಮೇಲೆ ಒಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ನನಗೆ ಕೊಟ್ಟರು.

ಮಗಳಿಗೆ ಹದಿನಾಲ್ಕು ವರ್ಷ. ಅವಳಿಗೆ ಕತೆ ಮೊದಲೇ ಹೇಳಬೇಡಿ ಅಂತ ಅಪ್ಪನಿಗೆ ಹೇಳಿದ್ದೆ. ಅವರು ಕೇಳಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಅರ್ಧ ನಾಟಕ ಆಡಿ ಮುಗಿಸಿದ್ದರು. ಕಳ್ಳ ಬರುವ ತನಕ ಹೇಳಿ ಅಲ್ಲಿಗೆ ನಿಲ್ಲಿಸಿದರು. "ಮುಂದಿಂದು ಅಲ್ಲೇ ನೋಡು."

ರಂಗಶಂಕರದಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ. ಏಳೂವರೆ ಅಂದರೆ ಏಳೂವರೆ. ತಡವಾಗಿ ಬಂದವರಿಗೆ ಟಿಕೆಟ್ ಇದ್ದರೂ ಪ್ರವೇಶವಿಲ್ಲ. 2004ರಲ್ಲಿ ಶುರುವಾದಾಗಿನಿಂದ ಅವರು ಇದನ್ನು ಪಾಲಿಸಿಕೊಂಡು ಬಂದಿದ್ದಾರೆ. ಕೆಲವರಿಗೆ ಇದು ಕಟ್ಟುನಿಟ್ಟು ಅನಿಸುತ್ತದೆ. ನನಗೆ ಇದು ನಟರಿಗೆ ಕೊಡುವ ಮರ್ಯಾದೆ ಅನಿಸುತ್ತದೆ. ಅಣ್ಣ ಅತ್ತಿಗೆ ವೈಟ್‌ಫೀಲ್ಡಿನಿಂದ ಬರಬೇಕು. ಟಿಕೆಟ್ ಹತ್ತು ದಿನ ಮೊದಲೇ ಕೊಂಡಾಗಿದ್ದರಿಂದ ಅವರು ನಾಲ್ಕೂವರೆಗೇ ಹೊರಟರು, ನಮಗಿಂತ ಮೊದಲೇ ಬಂದು ಕೆಫೆಯಲ್ಲಿ ಕೂತಿದ್ದರು.

ನಾವು ಬೇಗ ಹೋದೆವು. ಬುಧವಾರದ ಹುಡುಗಿಯೇ ಇದ್ದಳು. ಅಪ್ಪನನ್ನು ನೋಡಿ ಗುರುತು ಹಿಡಿದವಳ ಹಾಗೆ, "ಬನ್ನಿ ಅಜ್ಜ" ಅಂದಳು. ಎಡಗಡೆಯ ಮುಂದಿನ ಸಾಲು ಸಿಕ್ಕಿತು. ಅಪ್ಪ, ಅವರ ಬಲಕ್ಕೆ ಮಗಳು, ಆಮೇಲೆ ನಾವೆಲ್ಲ. ಬಾಗಿಲಲ್ಲಿ ಟಿಕೆಟ್ ಹರಿದು ಅರ್ಧ ಕೊಟ್ಟಾಗ ಅಪ್ಪ ಅದನ್ನು ಜೇಬಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದುಕೊಂಡರು.

ದೀಪ ಆರಿತು. ಹಾರ್ಮೋನಿಯಂ ಶ್ರುತಿ ಹಿಡಿಯಿತು. ಮೊದಲ ಅರ್ಧ ಗಂಟೆ ನಾನು ವೇದಿಕೆ ನೋಡಿದ್ದಕ್ಕಿಂತ ಅಪ್ಪನನ್ನು ನೋಡಿದ್ದೇ ಹೆಚ್ಚು. ಕಿವಿಗೆ ಮಷೀನ್ ಹಾಕಿಕೊಂಡಿದ್ದರು. ಸ್ವಲ್ಪ ಮುಂದೆ ಬಾಗಿ, ಹಣೆ ಗಂಟಿಕ್ಕಿಕೊಂಡು ಕೇಳುತ್ತಿದ್ದರು. ಜನ ನಕ್ಕಾಗಲೆಲ್ಲ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ಆ ಮಷೀನ್ ಮಾತನ್ನು ದೊಡ್ಡದು ಮಾಡುವ ಹಾಗೆ ನಗುವನ್ನೂ ದೊಡ್ಡದು ಮಾಡುತ್ತದೆ. ಮುನ್ನೂರು ಜನರ ನಗು ಅವರ ಕಿವಿಯಲ್ಲಿ ತಗಡು ಬಡಿದ ಹಾಗೆ ಕೇಳುತ್ತಿತ್ತು. ನಗು ಇಳಿಯುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತಿತ್ತು. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸೀಟು, ಮೆಟ್ಟಿಲು, ಬಾಗಿಲು, ಎಲ್ಲ ಯೋಚಿಸಿದ್ದೆ. ತುಂಬಿದ ಸಭೆಯ ನಗುವೇ ಅವರಿಗೆ ಅಡ್ಡ ಬರುತ್ತದೆ ಅಂತ ಹೊಳೆದಿರಲಿಲ್ಲ. ಹೊಟ್ಟೆಯಲ್ಲಿ ಸಂಕಟ ಆಯಿತು.

ಕಳ್ಳ ಬಂದ.

ಒಬ್ಬ ಎಳೆಯ ಹುಡುಗ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಹೆಗಲ ಮೇಲೆ ಕಂಬಳಿ, ದೊಡ್ಡ ಮೀಸೆ. ಅವನು ಎರಡು ಹೆಜ್ಜೆ ಇಟ್ಟು, ನಿಂತು, ಸಭೆಯನ್ನು ಒಂದು ಸಲ ನೋಡಿದ. ಮಾತೇ ಆಡಿರಲಿಲ್ಲ, ಜನ ಆಗಲೇ ನಗಲು ಶುರು ಮಾಡಿದ್ದರು. ಆಗ ಅಪ್ಪ ಕೈ ಎತ್ತಿ ಕಿವಿಯ ಮಷೀನ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಬೆನ್ನನ್ನು ಸೀಟಿಗೆ ಆನಿಸಿ ಆರಾಮಾಗಿ ಕೂತರು.

ನಾನು ಏನಾಯಿತೋ ಅಂತ ಬಗ್ಗಿ ನೋಡಿದೆ. ಅಪ್ಪನ ತುಟಿ ಅಲ್ಲಾಡುತ್ತಿತ್ತು. ವೇದಿಕೆಯ ಮೇಲೆ ಕಳ್ಳ ಮಾತಾಡುತ್ತಿದ್ದ, ಇಲ್ಲಿ ಅಪ್ಪನ ತುಟಿಯಲ್ಲಿ ಅದೇ ಮಾತು, ಶಬ್ದವಿಲ್ಲದೆ. ಹುಡುಗನ ಕೈ, ಕಣ್ಣು, ಹೆಗಲು ನೋಡಿದರೆ ಅವರಿಗೆ ಎಲ್ಲಿದ್ದೇವೆ ಅಂತ ತಿಳಿಯುತ್ತಿತ್ತು. ಎತ್ತಿನ ಗಾಡಿಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿದ್ದು ಎಪ್ಪತ್ತು ವರ್ಷ ಆದ ಮೇಲೂ ಹಾಗೇ ಇತ್ತು. ಮತ್ತೆ, ಒಂದು ಮಾತು ಇನ್ನೂ ಅರ್ಧ ಇರುವಾಗಲೇ, ಅಪ್ಪ ನಕ್ಕರು. ಜೋರಾಗಿ. ಕಳ್ಳ ಆ ಮಾತಿನ ತುದಿಗೆ ಬರುವ ಮೊದಲೇ. ಹಿಂದಿನ ಸಾಲಿನವರು ಅಪ್ಪನ ನಗು ಕೇಳಿ ನಕ್ಕರು. ಅಷ್ಟರಲ್ಲಿ ಮಾತಿನ ತುದಿ ಬಂತು, ಇಡೀ ಸಭೆ ನಕ್ಕಿತು. ಮುಂದಿನ ಮಾತಿಗೂ ಹಾಗೇ. ಅಪ್ಪ ಮೊದಲು, ಆಮೇಲೆ ಉಳಿದವರು. ಮೂರನೇ ಸಲ ಆ ಹುಡುಗನಿಗೂ ಗೊತ್ತಾಯಿತು. ಮಾತಿನ ನಡುವೆ ಒಂದು ಕ್ಷಣ ತಡೆದು, ನಮ್ಮ ಮೂಲೆಯ ಕಡೆ ನೋಡಿ, ಅಪ್ಪ ನಗುವ ತನಕ ಕಾದು, ಆಮೇಲೆ ಮಾತು ಮುಗಿಸಿದ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಮಗಳು ತಾತನ ತೋಳು ಹಿಡಿದುಕೊಂಡು ನಗುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ.

ಕಂಪನಿಯ ಕಾಲದಲ್ಲಿ ಹಾಡು ಚೆನ್ನಾಗಿ ಬಂದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಿದ್ದರು. ನಟರು ಕತೆಯನ್ನು ಅಲ್ಲೇ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು. ಸದಾರಮೆಯ ಹಾಡಿಗೆ ಹಿಂದಿನಿಂದ ಯಾರೋ ಹಾಗೆ ಕೂಗಿದರು. ಅವಳು ಕಳ್ಳನ ಕಡೆ ನೋಡಿದಳು, ಕಳ್ಳ ಹಾರ್ಮೋನಿಯಂ ಕಡೆ ನೋಡಿದ. ಮತ್ತೆ ಹಾಡಿದರು.

ವಿರಾಮದಲ್ಲಿ ಕಾಫಿ ತರಲು ಹೋಗಿದ್ದೆ. ವಾಪಸ್ ಬಂದರೆ ಅಪ್ಪ ಸೀಟಿನಲ್ಲಿಲ್ಲ. ಅಣ್ಣನನ್ನು ಕೇಳಿದರೆ ಟಾಯ್ಲೆಟ್ಟಿಗೆ ಹೋಗಿರಬೇಕು ಅಂದ. ಹುಡುಕಿಕೊಂಡು ಹೊರಗೆ ಬಂದೆ. ಅಪ್ಪ ಕೌಂಟರಿನ ಮುಂದೆ ನಿಂತಿದ್ದರು. ಪಂಚೆಯ ಒಳಗಿನ ಚಡ್ಡಿ ಜೇಬಿನಿಂದ ದುಡ್ಡು ತೆಗೆದು ಎಣಿಸುತ್ತಿದ್ದರು. ಮಗಳು ಪಕ್ಕದಲ್ಲಿ ನಿಂತು ಕೌಂಟರಿನ ಹುಡುಗಿ ಹೇಳಿದ್ದನ್ನು ಅವರ ಬಲಗಿವಿಗೆ ಹೇಳುತ್ತಿದ್ದಳು.

"ನಾಳೆ ಮೂರೂವರೆಗೆ ಇನ್ನೊಂದು ಆಟ ಇದೆಯಂತೆ," ಅಂದರು ಅಪ್ಪ. "ಎರಡು ತಗೊಂಡೆ."

"ಯಾರಿಗೆ ಅಪ್ಪ?"

ಡೇರೆಗೆ ಜೊತೆಯಲ್ಲಿ ಹೋಗುತ್ತಿದ್ದ ಅವರ ಊರಿನ ಗೆಳೆಯರ ಹೆಸರು ಹೇಳಿದರು. ಅವರು ಮೊದಲೇ, ಕಾಲು ನೋವು, ಬೆಂಗಳೂರಿನ ತನಕ ಯಾರು ಬರುತ್ತಾರೆ ಅಂತ ಹೇಳಿಬಿಟ್ಟಿದ್ದರು. ಅದು ನನಗೆ ಗೊತ್ತಿತ್ತು.

"ಅವರು ಬರಲ್ಲ ಅಂದಿದ್ರಲ್ಲಾ?"

"ಆಗ ಟಿಕೆಟ್ ಇರಲಿಲ್ಲ," ಅಂದರು ಅಪ್ಪ. ಎರಡು ಚೀಟಿಗಳನ್ನೂ ಜೇಬಿಗೆ ಹಾಕಿಕೊಂಡು, ಗೆಳೆಯರಿಗೆ ಫೋನ್ ಹಚ್ಚಿಕೊಡು ಅಂತ ನನ್ನ ಕಡೆ ಕೈ ಚಾಚಿದರು. ಒಳಗೆ ಎರಡನೇ ಬೆಲ್ ಆಗುತ್ತಿತ್ತು.